ಎರಡು ಗಂಟಿನ ಗುಳಿಗೆ

ಇಸ್ತ್ರಿಪೆಟ್ಟಿಗೆಯ ಇದ್ದಿಲು ಕೆಂಪಾಗುವಷ್ಟರಲ್ಲಿ ಕಲಾವತಿ ಮೊದಲ ಅಂಗಿಯನ್ನು ಮೇಜಿನ ಮೇಲೆ ಹರವಿ, ನೀರು ಚಿಮುಕಿಸಿ, ಕಾಲರಿನ ಒಳಬದಿಯ ಹಸಿರು ದಾರವನ್ನು ಬೆರಳಿನಿಂದ ಸವರಿದಳು. ಒಂದು ಗಂಟು, ಅದರ ಪಕ್ಕ ಒಂದು ಓರೆ ಹೊಲಿಗೆ. ವಕೀಲರ ಮನೆಯದು. ಮರಾಠಿ ಸೀಮೆಯ ಯೆರವಡಾದಲ್ಲಿ ಅವಳಿದ್ದ ಗಲ್ಲಿಯ ಸುತ್ತಮುತ್ತ ನಲವತ್ತು ಮನೆಗಳ ಬಟ್ಟೆ ಅವಳ ಕೈಗೆ ಬರುತ್ತಿತ್ತು. ಇವತ್ತಿನವರೆಗೆ ಒಂದು ಕರವಸ್ತ್ರ ಕೂಡ ಅದಲುಬದಲಾಗಿರಲಿಲ್ಲ.

ಪೆಟ್ಟಿಗೆಯನ್ನು ಅಂಗಿಯ ಬೆನ್ನಿಗೆ ಇಟ್ಟಳೋ ಇಲ್ಲವೋ, ಒಳಗಿನಿಂದ ಮಗಳು ಇಂಪನಾ ಕೂಗಿದಳು.

"ಅವ್ವಾ, ಅಜ್ಜಿ ಏಳವಲ್ಲಳು."

"ನಿನ್ನೆ ಸೋಮವಾರ ಒಪ್ಪತ್ತು ಇದ್ಳಲ್ಲ, ದಣಿದಿರಬೇಕು. ಮಲಗಲಿ ಬಿಡು."

"ಮಲಗಿಲ್ಲವ್ವಾ. ಕಣ್ಣ ತಗದಾಳ. ನೀ ಯಾರವಾ ಅಂತ ನನ್ನ ಕೇಳಾಕತ್ತಾಳ."

ಕಲಾವತಿ ಒಳಗೆ ಓಡಿದಳು. ಅತ್ತೆ ರಂಗೂಬಾಯಿ ಚಾಪೆಯ ಮೇಲೆ ಬೆವರಿನಿಂದ ತೊಯ್ದು ತೊಪ್ಪೆಯಾಗಿದ್ದಳು. ಕೈ ಮುಟ್ಟಿದರೆ ತಣ್ಣಗೆ. ಬೆರಳುಗಳು ಗಾಳಿಯಲ್ಲಿ ಏನನ್ನೋ ಹಿಂಡುತ್ತಿದ್ದವು. "ಅತ್ತೀ, ಅತ್ತೀ" ಎಂದು ಕೆನ್ನೆ ತಟ್ಟಿದರೆ ಬಾಯಿ ಒಂದು ಕಡೆ ಎಳೆದು ಏನೋ ತೊದಲಿದಳು. ಅರ್ಧ ಗಂಟೆಯ ಹಿಂದೆ ತಾನೇ ಇದೇ ಅತ್ತೆ ಎದ್ದು ಕೂತು, ಗುಳಿಗೆ ನುಂಗಿ, "ಚಾ ಆಮ್ಯಾಲೆ ಕೊಡು, ಇನ್ನೊಂದ್ ಗಳಿಗಿ ಮಲಗತೀನಿ" ಎಂದಿದ್ದಳು. ಹೊರಗೆ ವಕೀಲರ ಅಂಗಿ ಸುಡುವ ವಾಸನೆ ಎದ್ದಿತು.

ಗಂಡ ಬಸವಲಿಂಗ ರಾಂಜಣಗಾಂವದ ಕಾರ್ಖಾನೆಯಲ್ಲಿ ಎರಡು ದಿನದಿಂದ ಡಬಲ್ ಡ್ಯೂಟಿಯ ಮೇಲಿದ್ದ. ಅಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ಪ್ರೇಮಕುಮಾರ ರಿಕ್ಷಾ ತಂದು ಬಾಗಿಲಿಗೆ ಹಚ್ಚಿ, ರಂಗೂಬಾಯಿಯನ್ನು ಎತ್ತಿ ಕೂರಿಸಿದ.

"ಅಕ್ಕಾರ, ಗುಳಿಗಿ ತಗೊಂಡೀರೇನ್ರಿ? ಡಾಕ್ಟರ ಮೊದಲ ಅದನ್ನ ಕೇಳ್ತಾರ."

ಅವಳು ಮತ್ತೆ ಒಳಗೆ ಹೋಗಿ ಡಬ್ಬಿ ತೆರೆದಳು. ಎರಡು ಗುಳಿಗೆಯ ಪಟ್ಟಿಗಳು. ಒಂದರ ತುದಿಯ ತೂತಿನಲ್ಲಿ ಒಂದು ಗಂಟಿನ ದಾರ, ಇನ್ನೊಂದರಲ್ಲಿ ಎರಡು ಗಂಟಿನದು. ಎರಡೂ ನಿನ್ನೆ ಸಂಜೆ ಹೊಸದಾಗಿ ಕಟ್ಟಿದವು. ಕೈ ಅಲ್ಲೇ ನಿಂತಿತು.

ದೇವರೇ, ಇದೇ ಇರಬಾರದು ಎಂದುಕೊಂಡಳು.

ಕಲಾವತಿಗೆ ಓದಲು ಬರುತ್ತಿರಲಿಲ್ಲ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಗಂಡನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ಅತ್ತೆಗೂ ಬರುತ್ತಿರಲಿಲ್ಲ, ಆದರೆ ಆಕೆ ಅದನ್ನು ಮುಚ್ಚಿಟ್ಟವಳಲ್ಲ. ಗೊತ್ತಿಲ್ಲದವಳು ಮಗಳೊಬ್ಬಳೇ. ಒಂದನೇ ತರಗತಿಯಲ್ಲಿ ಇಂಪನಾ ಪಾಟಿ ಬಿಸಾಕಿ, ಅಜ್ಜಿ ಶಾಲೆಗೆ ಹೋಗದೆಯೇ ಆರಾಮವಾಗಿದ್ದಾಳೆ, ನಾನ್ಯಾಕೆ ಹೋಗಲಿ ಎಂದು ಹಟ ಹಿಡಿದಿದ್ದಳು. ಆ ದಿನ ಕಲಾವತಿ, "ನಾ ಏಳನೇತ್ತ ಓದೀನಿ. ನೀ ಎಂಟನೇತ್ತ ಓದು, ನೋಡೂಣು" ಎಂದುಬಿಟ್ಟಳು. ಹುಡುಗಿ ಪಾಟಿ ಎತ್ತಿಕೊಂಡಳು. ಆ ಒಂದು ಸುಳ್ಳನ್ನು ನಾಲ್ಕು ವರ್ಷದಿಂದ ಸಾಕುತ್ತ ಬಂದಿದ್ದಳು. ಶಾಲೆಯ ಡೈರಿ ಬಂದರೆ, "ಇದ್ದಲಿ ಹೊಗಿಗೆ ಕಣ್ಣ ಉರಿಯಾಕತ್ತಾವ, ನೀನ ಓದಿ ಹೇಳು" ಅನ್ನುತ್ತಿದ್ದಳು. ಸಹಿಯನ್ನು ಮಾತ್ರ ಬಸವಲಿಂಗ ಕಲಿಸಿಕೊಟ್ಟಿದ್ದ. ಬಟ್ಟೆಗೆ ಗುರುತು ಹಾಕಿದಂತೆ ಅದನ್ನು ಒಂದೇ ಎಳೆಯಲ್ಲಿ ಹಾಕುತ್ತಿದ್ದಳು.

ಈಚೆಗೆ ಹುಡುಗಿ ತಾಯಿಯನ್ನು ದಿಟ್ಟಿಸುವುದು ಹೆಚ್ಚಾಗಿತ್ತು. ಹೋದ ತಿಂಗಳು ಮದುವೆಯ ಕಾಗದವೊಂದನ್ನು ಕಲಾವತಿ ತಲೆಕೆಳಗಾಗಿ ಹಿಡಿದು, "ಭಾಳ ಚಂದ ಛಾಪಿಸ್ಯಾರ" ಎಂದಿದ್ದಳು. ಇಂಪನಾ ಬಾಯಿ ತೆರೆದಳು. ಕೇಳುತ್ತಾಳೆ ಎಂದು ತಿಳಿದ ಕೂಡಲೇ ತಾಯಿ, "ನಳಾ ಬಂದದ ನೋಡು, ಕೊಡ ತುಂಬು ಹೋಗು" ಎಂದು ಕಳಿಸಿದಳು. ಹಾಗೆ ಎಷ್ಟು ಸಲ ಕಳಿಸಿದ್ದಳೋ.

ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ಎರಡರ ಗುಳಿಗೆಯೂ ಬಿಳಿ, ದುಂಡಗೆ, ಪಟ್ಟಿಯೂ ಒಂದೇ ಅಳತೆ. ಔಷಧಿ ಅಂಗಡಿಯವನು ಹೇಳಿದ್ದನ್ನು ಕೇಳಿ, ಮನೆಗೆ ಬರುವ ದಾರಿಯಲ್ಲೇ ಕಲಾವತಿ ಗುರುತು ಕಟ್ಟಿಬಿಡುತ್ತಿದ್ದಳು. ಸಕ್ಕರೆಯದು ಬೆಳಿಗ್ಗೆ ಒಂದೇ ಸಲ, ಆದ್ದರಿಂದ ಒಂದು ಗಂಟು. ಬಿಪಿಯದು ಬೆಳಿಗ್ಗೆ ಮತ್ತು ರಾತ್ರಿ, ಅದಕ್ಕೆ ಎರಡು ಗಂಟು. ಮಾವ ಬದುಕಿದ್ದಾಗ ಬಿಬ್ಬೆಕಾಯಿಯ ಕಪ್ಪು ರಸದಿಂದ ಒಗೆಯಲು ಬಂದ ಧೋತರದ ಅಂಚಿಗೆ ಗುರುತು ಬರೆಯುತ್ತಿದ್ದ. ಬಟ್ಟೆ ಹರಿದರೂ ಅದು ಹೋಗುತ್ತಿರಲಿಲ್ಲ. ಅವನಿಂದ ಅವಳು ಕಲಿತದ್ದು ಈ ವಿದ್ಯೆ.

ಶನಿವಾರ ಇಂಪನಾ ಶಾಲೆಯಿಂದ ದೊಡ್ಡ ಹಾಳೆಯೊಂದನ್ನು ತಂದಿದ್ದಳು. ಅಕ್ಷರ ಹುಟ್ಟಿದ ಕಥೆ ಎಂಬ ಪ್ರಾಜೆಕ್ಟು. ಊಟಕ್ಕೆ ಕೂತಾಗ ಅಜ್ಜಿಗೆ ಪಾಠ ಹೇಳಿದಳು.

"ಐದ್ ಸಾವಿರ ವರ್ಷದ ಹಿಂದ ಇರಾಕ ದೇಶದಾಗ ಹಸಿ ಮಣ್ಣಿನ ಮ್ಯಾಲೆ ಜೊಂಡಿನ ಕಡ್ಡಿಲೆ ಗೆರಿ ಕೊರೀತಿದ್ರಂತ ಅಜ್ಜಿ. ಈ ಕುರಿ ಯಾರದು, ಈ ಜವಿಗೋದಿ ಯಾರದು ಅಂತ. ಬರಬರ್ತ ಅವ ಅಕ್ಷರ ಆದವು."

"ನಿಮ್ಮಜ್ಜ ದಿನಾ ಅದನ್ನ ಮಾಡ್ತಿದ್ದ," ರಂಗೂಬಾಯಿ ರೊಟ್ಟಿ ಮುರಿಯುತ್ತ ಅಂದಳು. "ಈ ಅಂಗಿ ಯಾರದು, ಈ ಧೋತರ ಯಾರದು ಅಂತ. ಅವ್ರದು ಪುಸ್ತಕದಾಗ ಹೋತು, ನಮ್ಮದು ಹಳ್ಳದ ನೀರಾಗ ಹೋತು."

"ಪೆರು ದೇಶದಾಗ ದಾರಕ್ಕ ಗಂಟ ಹಾಕತಿದ್ರು. ಎಣಿಕಿ ಗಂಟ ಯಾವು ಅಂತ ಈಗ ತಿಳದದ. ಉಳದವು ಇನ್ನೂ ಯಾರಿಗೂ ಓದಾಕ ಬಂದಿಲ್ಲಂತ. ಓದಾವ್ರ ಎಲ್ಲಾ ಸತ್ತ ಹೋದ್ರು."

ಕಲಾವತಿಗೆ ಆಗ ಬಾಯಿಯವರೆಗೆ ಬಂದಿತ್ತು. ಡಬ್ಬಿ ತೆರೆದು ತೋರಿಸಬೇಕು, ಇದೂ ಅಂಥದೇ ಕೂಸ ಅನ್ನಬೇಕು ಎಂದು. ಆದರೆ ತೋರಿಸಿದರೆ, ಪಟ್ಟಿಯ ಮೇಲೆ ಹೆಸರು ಅಚ್ಚಾಗಿರುವಾಗ ಗಂಟು ಯಾಕೆ ಎಂದು ಹುಡುಗಿ ಕೇಳುವಳಲ್ಲ. ಹುಳಿ ಬಡಿಸಿದಳು.

ನಿನ್ನೆ ಮಧ್ಯಾಹ್ನ ಅವಳು ಬಟ್ಟೆ ಕೊಡಲು ಹೋಗಿದ್ದಾಗ ಇಂಪನಾ ಹಾಳೆಯ ಮೇಲೆ ಒಂದು ಉದ್ದನೆಯ ಹಗ್ಗ ಅಂಟಿಸಿ, ಅದಕ್ಕೆ ಬಣ್ಣಬಣ್ಣದ ಗಂಟಿನ ದಾರಗಳನ್ನು ಇಳಿಬಿಟ್ಟಿದ್ದಳು. ಸಂಜೆ ದೀಪ ಹಚ್ಚುವಾಗ ಕಲಾವತಿ ನೋಡಿದಳು. ನಡುವೆ ಎರಡು ಕೆಂಪು ದಾರಗಳು. ತನ್ನವೇ.

"ಡಬ್ಬಿಯಾಗಿನ ದಾರ ತಗೊಂಡೆ ಅವ್ವಾ. ಗಂಟ ಭಾಳ ಛಲೋ ಇದ್ದವು. ನಡೀತದಲ್ಲ?"

"ನಡೀತದ," ಅಂದಳು ಕಲಾವತಿ.

ಮಗಳಿಗೆ ಪಟ್ಟಿಗಳನ್ನು ಕೊಟ್ಟು, ಇವುಗಳಲ್ಲಿ ಸಕ್ಕರೆಯದು ಯಾವುದು ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಪಟ್ಟಿಗಳನ್ನು ಒಲೆಯ ಹತ್ತಿರ ಒಯ್ದು, ತನಗೆ ಬರುವ ರೀತಿಯಲ್ಲಿ ಓದಿದಳು. ದಿನಕ್ಕೆರಡು ತಿನ್ನುವ ಪಟ್ಟಿಯೇ ಬೇಗ ಬರಿದಾಗಬೇಕು. ಒಂದರಲ್ಲಿ ಏಳು ಗುಳಿ ಖಾಲಿ, ಇನ್ನೊಂದರಲ್ಲಿ ಮೂರು. ಏಳು ಖಾಲಿಯಾದದ್ದಕ್ಕೆ ಎರಡು ಗಂಟು ಕಟ್ಟಿದಳು. ಬಿಪಿಯ ಹಳೇ ಪಟ್ಟಿ ಮುಗಿದು ಹೊಸದನ್ನು ಒಡೆದದ್ದು ಮೊನ್ನೆಯಷ್ಟೇ ಎಂಬುದು ಆಗ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಈಗ, ಓಡುವ ರಿಕ್ಷಾದಲ್ಲಿ, ಅತ್ತೆಯ ತಲೆ ಎದೆಗೆ ಬಡಿಯುತ್ತಿರುವಾಗ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಂಗೂಬಾಯಿಯ ಬೆರಳು ಚುಚ್ಚಿ ಸಣ್ಣ ಯಂತ್ರಕ್ಕೆ ಒಂದು ಹನಿ ರಕ್ತ ತಾಗಿಸಿದಳು. ಅಂಕಿ ನೋಡಿದವಳೇ ಸಿಸ್ಟರನ್ನು ಕೂಗಿದಳು. ರಕ್ತದಲ್ಲಿ ಸಕ್ಕರೆ ಮೂವತ್ತೊಂದಕ್ಕೆ ಇಳಿದಿತ್ತು. ಸೂಜಿ ಚುಚ್ಚಿದರು, ಸಲೈನ್ ಬಾಟಲಿ ತೂಗುಹಾಕಿದರು.

"ಮಾವಶೀ, ರಾತ್ರೀ ಕೋಣತೀ ಗೋಳೀ ದಿಲೀ?" ರಾತ್ರಿ ಯಾವ ಗುಳಿಗೆ ಕೊಟ್ಟಿರಿ ಎಂದು ಡಾಕ್ಟರಮ್ಮ ಕೇಳಿದಳು.

"ಬಿಪೀಚೀ," ಅಂದಳು ಕಲಾವತಿ, ಎರಡು ಗಂಟಿನ ಪಟ್ಟಿಯನ್ನು ಮುಂದೆ ಹಿಡಿದು.

ಡಾಕ್ಟರಮ್ಮ ಅದನ್ನು ತಿರುಗಿಸಿ ನೋಡಿದಳು. ಮತ್ತೆ ಕಲಾವತಿಯ ಮುಖ ನೋಡಿದಳು. ಇದು ಸಕ್ಕರೆಯದು, ಬಿಪಿಯದಲ್ಲ ಎಂದು ನಿಧಾನವಾಗಿ ಮರಾಠಿಯಲ್ಲೇ ಹೇಳಿ, ಬೆಳಿಗ್ಗೆಯೂ ಇದನ್ನೇ ಕೊಟ್ಟಿರಾ ಎಂದು ಕೇಳಿದಳು. ಕಲಾವತಿ ಹೌದೆಂದು ತಲೆ ಆಡಿಸಿದಳು. ರಾತ್ರಿ ಊಟ ಮಾಡಿದ್ದರಾ? ಇಲ್ಲ, ಒಂದು ಬಾಳೆಹಣ್ಣು. ಡಾಕ್ಟರಮ್ಮ ಬೆರಳನ್ನು ಪಟ್ಟಿಯ ಹಿಂಬದಿಯ ಅಕ್ಷರಗಳ ಮೇಲೆ ಇಟ್ಟು, "ಇಥೇ ಲಿಹಿಲಂಯ ನಾ" ಅಂದಳು. ಇಲ್ಲೇ ಬರೆದಿದೆಯಲ್ಲ.

ಇಂಪನಾ ಪಕ್ಕದಲ್ಲೇ ನಿಂತಿದ್ದಳು. ಬಗ್ಗಿ ಆ ಅಕ್ಷರಗಳನ್ನು ನೋಡಿದಳು. ಅವಳ ತುಟಿ ಸದ್ದಿಲ್ಲದೆ ಅಲುಗಿತು.

ಸಿಸ್ಟರ್ ಒಂದು ಕಾಗದ ತಂದಳು. ಕಲಾವತಿ ಪೆನ್ನು ತೆಗೆದುಕೊಂಡು ಕಲಿತ ಎಳೆಯನ್ನು ಎಳೆಯಲು ಹೋದಳು. ಪೆನ್ನಿನ ಮೊನೆ ಮೇಲಿನ ಗೆರೆಗೆ ತಾಗಿತು.

"ಅಲ್ಲಿ ಡಾಕ್ಟರ ಸಹಿ ಮಾಡ್ತಾರ ಅವ್ವಾ," ಇಂಪನಾ ಪಿಸುಗುಟ್ಟಿ ತಾಯಿಯ ಮಣಿಕಟ್ಟನ್ನು ಹಿಡಿದು ಕೆಳಗಿನ ಗೆರೆಗೆ ತಂದಳು. "ನಿಂದು ಇಲ್ಲಿ."

ಹತ್ತು ನಿಮಿಷಕ್ಕೆ ರಂಗೂಬಾಯಿ ಕಣ್ಣು ಬಿಟ್ಟಳು. ಕಲಾವತಿಗೆ ಹೋದ ಜೀವ ಬಂದಂತಾಯಿತು. ಮತ್ತೆ ಕಣ್ಣು ಮುಚ್ಚಿತು. ಈ ಗುಳಿಗೆಯ ಕಸುವು ಇಡೀ ದಿನ ಇರುತ್ತದೆ, ಸಕ್ಕರೆ ಏರಿದರೂ ಮತ್ತೆ ಇಳಿಯಬಹುದು, ತಾಸಿಗೊಮ್ಮೆ ನೋಡುತ್ತೇವೆ, ವಯಸ್ಸಾಗಿದೆ, ಈಗಲೇ ಏನೂ ಹೇಳುವುದಕ್ಕಾಗದು ಎಂದು ಹೇಳಿ ಡಾಕ್ಟರಮ್ಮ ಮುಂದಿನ ಮಂಚಕ್ಕೆ ಹೋದಳು. ಪ್ರೇಮಕುಮಾರ ರಾಂಜಣಗಾಂವದ ಗೇಟಿಗೆ ಫೋನು ಹಚ್ಚಲು ಹೊರಗೆ ಹೋದ.

ತಾಯಿ ಮಗಳು ಮಂಚದ ಪಕ್ಕ ನೆಲಕ್ಕೆ ಕೂತರು. ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಅತ್ತೆಯ ಕೈ ಮಂಚದಂಚಿನಲ್ಲಿತ್ತು. ಅರವತ್ತು ವರ್ಷ ಬಟ್ಟೆ ಒಗೆದು ಬೆರಳ ಸಂದುಗಳು ಬಿಳಿಚಿ ಸೀಳಿದ್ದವು. ಕಲಾವತಿ ಅದನ್ನು ಹಿಡಿದುಕೊಂಡಳು. ಇನ್ನೂ ತಣ್ಣಗಿತ್ತು. ನಾನು ಕೊಂದೆ, ಏಳೇಳು ಅತ್ತಿ, ನಾ ನಿನ್ನ ಕೊಂದೆ ಎಂದು ಒಳಗೇ ಹೇಳುತ್ತಿದ್ದಳು. ಕಣ್ಣೀರು ಬರಲಿಲ್ಲ.

"ಅವ್ವಾ," ಇಂಪನಾ ಅಂದಳು. "ಆ ದಾರ ನಾನ ಬಿಚ್ಚಿದ್ದು."

"ನಿಂದೇನೂ ತಪ್ಪಿಲ್ಲ."

"ಅವು ಸುಮ್ನ ಕಟ್ಟಿದ್ದು ಅಂದ್ಕೊಂಡಿದ್ದೆ."

ಹುಡುಗಿ ಮೊಣಕಾಲು ತಬ್ಬಿ ಗುಳಿಗೆಯ ಪಟ್ಟಿಗಳನ್ನು ನೋಡುತ್ತ ಕೂತಳು. ಒಂದು ಗಂಟಿನ ದಾರ ಮುಟ್ಟಿದಳು, ಎರಡು ಗಂಟಿನದನ್ನು ಮುಟ್ಟಿದಳು. ಆಮೇಲೆ ತಲೆ ಎತ್ತಿದಳು. ತಾಯಿಗೆ ಆ ಮುಖ ಗೊತ್ತಿತ್ತು. ಹೋಗು, ಸಿಸ್ಟರ ಹತ್ರ ನೀರ ಕೇಳಕೊಂಡ ಬಾ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆಯ ಉಸಿರು ಒಮ್ಮೆ ತಡೆದು ಮತ್ತೆ ಬಂತು. ಕಲಾವತಿ ಮಗಳನ್ನು ಎಲ್ಲಿಗೂ ಕಳಿಸಲಿಲ್ಲ.

ಸುತ್ತಲೂ ಮರಾಠಿಯ ಮಂದಿ. ಇಂಪನಾ ತಾಯಿಯ ಕಿವಿಯ ಹತ್ತಿರ ಸರಿದು ಕನ್ನಡದಲ್ಲಿ ಕೇಳಿದಳು.

"ಅವ್ವಾ, ನಿನಗ ಓದಾಕ ಬರೂದಿಲ್ಲೇನು?"