ಕಣ್ಣು ಮುಚ್ಚಿದಾಗ ಎದ್ದ ಕೈ

ಶಿಕಾರಿಪುರದ ನಮ್ಮ ಕ್ರೈಸ್ತ ಸಭೆಯಲ್ಲಿ ದೊಡ್ಡ ವಿಷಯಗಳನ್ನೆಲ್ಲ ಕಣ್ಣು ಮುಚ್ಚಿಸಿಯೇ ಕೇಳುವುದು ರೂಢಿ. ಪಕ್ಕದವರ ಮುಲಾಜಿಗೆ ಯಾರೂ ಕೈ ಎತ್ತಬಾರದು, ಎತ್ತಿದ್ದು ಪಾಸ್ಟರ್ ಜಯಪ್ಪನವರಿಗೆ ಮಾತ್ರ ಕಾಣಬೇಕು. ತೊಂಬತ್ನಾಲ್ಕರ ಆ ಭಾನುವಾರವೂ ಹಾಗೆಯೇ ಕೇಳಿದರು.

"ಸೊರಬದಾಗೆ ಹೊಸ ಸಭೆ ಶುರು ಮಾಡ್ಬೇಕ್ರಿ. ಅಲ್ಲೇ ಬಾಡಿಗೆ ಮನೆ ಹಿಡ್ದು ಇರ್ಬೇಕು. ಹಾಡೋರು, ಮಕ್ಕಳಿಗೆ ಪಾಠ ಹೇಳೋರು, ರೋಗಿಗಳ ಹತ್ರ ಕೂರೋರು ಬೇಕು. ಸಂಬಳ ಇಲ್ಲ. ಮನಸ್ಸಿರೋರು ಕೈ ಎತ್ರಿ."

ನಾನು ತಕ್ಷಣ ಎತ್ತಿದೆ. ತಾಯಿಯಿಲ್ಲದ ನನ್ನನ್ನು ಸಾಕಿದ ಯಮುನಮ್ಮಜ್ಜಿ ಬೈಬಲಿನ ಕಥೆಗಳನ್ನೆಲ್ಲ ಸೊರಬದ ಕಡೆಗೇ ತಂದು ಹೇಳುತ್ತಿದ್ದಳು. ದಾವೀದ ಕುರಿ ಕಾಯುತ್ತಿದ್ದುದು ಚಂದ್ರಗುತ್ತಿ ಗುಡ್ಡದ ಬುಡದಲ್ಲಿ, ಪೇತ್ರ ಬಲೆ ಬೀಸಿದ್ದು ಕುಬಟೂರಿನ ಕೆರೆಯಲ್ಲಿ. ಹೈಸ್ಕೂಲು ಮುಗಿದ ಮೇಲೂ, ಸೊರಬದ ಬಸ್ಸು ಹತ್ತಿದರೆ ಇಳಿಯುವುದು ಯೇಸುವಿನ ಗಲಿಲಾಯದಲ್ಲೇ ಎಂದು ನನ್ನ ಮನಸ್ಸಿನ ಒಂದು ಮೂಲೆ ನಂಬಿತ್ತು.

"ಕಣ್ಣು ತೆಗೀರಿ. ಎತ್ತಿದವರು ಮುಂದೆ ಬರ್ರಿ."

ಢೋಲಕ್ ಬಾರಿಸುವ ಕೊಟ್ರೇಶ್ ಬಂದ, ನಾನು ಬಂದೆ. ಹಿಂದಿನಿಂದ ಕಾಲೆಳೆಯುವ ಸದ್ದು. ತಿರುಗಿದರೆ, ಪ್ರತಿ ವಾರ ಎಲ್ಲರಿಗೂ ಚಾ ಕೊಡುವ ಅಜ್ಜಿ!

ಸಭೆಯೆಲ್ಲ ನಕ್ಕಿತು. "ಅಜ್ಜೀ, ಚಾ ಕೊಡಾಕಲ್ಲ ಕರದಿದ್ದು, ಸೊರಬಕ್ಕೆ ಹೋಗಾಕೆ," ಎಂದ ಕೊಟ್ರೇಶ್.

"ನಂಗೆ ಕಿವಿ ಕೇಳ್ತದೆ ಮಾರಾಯ. ನಿನ್ನ ಢೋಲಕ್ ಕೇಳಿ ಕೇಳಿನೂ ಕೆಟ್ಟಿಲ್ಲ ಅಂದ್ರೆ ಗಟ್ಟಿ ಕಿವಿನೇ."

ಪಾಸ್ಟರ್ ನಗಲಿಲ್ಲ. "ಆ ಕಡೆ ನಿಮಗೆ ಯಾರು ಗೊತ್ತು, ಯಮುನಮ್ಮ?"

"ನನ್ನ ಹುಟ್ಟೂರೇ ಕುಬಟೂರು."

ನಾನು ಅದನ್ನು ಕೇಳಿದ್ದು ಅದೇ ಮೊದಲು. ತವರಿನ ಮಾತೆತ್ತಿದರೆ 'ನಂಗೆಂತ ತವರು' ಎಂದು ಮುಗಿಸುತ್ತಿದ್ದವಳು. ಅನಾಥೆಯಿರಬೇಕು ಎಂದುಕೊಂಡಿದ್ದೆ.

"ಮಿಷನ್ ಆಸ್ಪತ್ರೆ ಕಾಂಪೌಂಡರ್‌ನ ಮದುವೆಯಾಗಿ ದೀಕ್ಷಾಸ್ನಾನ ತಗಂಡು ಕ್ರೈಸ್ತಳಾದೆ," ಎಂದಳು ಅಜ್ಜಿ, ಇನ್ನೊಂದು ಕಥೆ ಹೇಳುವವಳಂತೆ. "ನಮ್ಮಪ್ಪ ನನ್ನ ಹೆಸರಲ್ಲಿ ಎಳ್ಳುನೀರು ಬಿಟ್ಟು, ತಿಥಿ ಮಾಡಿ, ಊರಿಗೆಲ್ಲ ಉಣ್ಣಿಸಿದ. ನಾನು ಇಲ್ಲಿ ಬದ್ಕಿನೇ ಇದ್ದೆ. ಈಗ ಅಪ್ಪ ಇಲ್ಲ. ತಮ್ಮ ಇದಾನೆ, ಸಣ್ಣಪ್ಪ."

ಪಾಸ್ಟರ್ ಹಣೆಯುಜ್ಜಿಕೊಂಡರು. "ನಿಮ್ಮೋರು ಬಂದು ಜಗಳ ತೆಗದ್ರೆ, ಶುರುವಾಗೋ ಮೊದ್ಲೇ ಸಭೆ ಮುಚ್ಚಿಹೋಗ್ತದಮ್ಮ. ಮೊದ್ಲು ಅವರನ್ನ ಕೇಳೋಣ. ಬ್ಯಾಡ ಅಂದ್ರೆ ನಿಮ್ಮನ್ನ ತಂಡದಾಗೆ ಸೇರ್ಸಾಕಾಗಲ್ಲ."

"ಕೇಳನ," ಎಂದಳು ಅಜ್ಜಿ. ಅವಳು ಇಷ್ಟು ಆಸೆಯಿಂದ ಏನನ್ನಾದರೂ ಬಯಸಿದ್ದನ್ನು ನಾನು ಕಂಡಿರಲಿಲ್ಲ.

ಮರುವಾರ ಪಾಸ್ಟರ್, ಅಜ್ಜಿ, ನಾನು ಕುಬಟೂರಿಗೆ ಹೋದೆವು. ಅಂಗಳದಲ್ಲಿ ಒಬ್ಬ ಮುದುಕ ಶುಂಠಿ ಒಣಹಾಕುತ್ತಿದ್ದ. ಅಜ್ಜಿ ಬೇಲಿಯ ಆಚೆಯೇ ನಿಂತಳು.

"ಸಣ್ಣಾ, ನಾನು. ಯಮುನಿ."

ಅವನು ತಲೆಯೆತ್ತಿ ನೋಡಿದ. "ಯಮುನಿ ಸತ್ತು ಯಾವ ಕಾಲ ಆಯ್ತು!"

ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಹೌದಾ? ತಿಥಿಗೆ ಎಂತ ಮಾಡಿದ್ರಿ?"

"ವಡೆ, ಪಾಯಸ." ಅವನು ಒಂದು ಶುಂಠಿ ತುಂಡನ್ನು ತಿರುವಿಹಾಕಿದ. "ನಾನು ಉಣ್ಲಿಲ್ಲ. ಕೊಟ್ಟಿಗೆಲಿ ಅಡಗಿ ಕೂತಿದ್ದೆ. ಅಪ್ಪ ಬಂದು ಹೊಡೆದ."

ಒಳಗಿನಿಂದ ಸೊಸೆ, "ಯಾರು ಮಾವಾ?" ಎಂದು ಕೂಗಿದಳು. ಅವನ ಮುಖ ಕ್ಷಣದಲ್ಲಿ ಗಟ್ಟಿಯಾಯಿತು. "ಯಾರೂ ಅಲ್ಲ!"

ಪಾಸ್ಟರ್ ಕೈಮುಗಿದು ವಿಷಯ ಹೇಳಿದರು. ಸೊರಬದಲ್ಲಿ ಪ್ರಾರ್ಥನೆ ಸಭೆ, ಈ ಅಮ್ಮನೂ ತಂಡದಲ್ಲಿರುತ್ತಾರೆ, ನಿಮ್ಮ ಅಭ್ಯಂತರ ಇದೆಯಾ?

ಸಣ್ಣಪ್ಪ ಶುಂಠಿಯ ಮೇಲೇ ಕಣ್ಣಿಟ್ಟು ಹೇಳಿದ: "ನಮ್ಮ ಮನೆ ಹೆಣ್ಣಾದ್ರೆ ಅಭ್ಯಂತರ ಮಾಡ್ಬಹುದಿತ್ತು. ನಮ್ಮ ಮನೆ ಹೆಣ್ಣು ಸತ್ತುಹೋದ್ಲು. ಈ ಮುದುಕಿ ಯಾರೋ. ಎಲ್ಲಿ ಇದ್ರೆ ನಂಗೆಂತ? ನಮ್ಮೋರು ಯಾರೂ ಬಂದು ಕೇಳದಂಗೆ ನಾನು ನೋಡ್ಕತ್ತೀನಿ."

ಅಜ್ಜಿಯನ್ನು ಮತ್ತೆ ಸಾಯಿಸಿದ್ದನೋ, ಹೋಗಲು ದಾರಿ ಬಿಟ್ಟಿದ್ದನೋ! ಅವಳು ಬದುಕಿದ್ದಾಳೆಂದು ಒಪ್ಪಿದ್ದರೆ ಬೇಡವೆನ್ನಲೇಬೇಕಾಗುತ್ತಿತ್ತು.

ದಾರಿಯಲ್ಲಿ ಪಾಸ್ಟರ್ ಉಬ್ಬಿಹೋಗಿದ್ದರು. "ದೇವ್ರು ಬಾಗಿಲು ತೆಗದ ಯಮುನಮ್ಮ! ನೀವು ತಂಡದಾಗೆ ಬಂದಂಗೇ."

"ಬಾಗಿಲು ಎಂತ ತೆಗದ?" ಎಂದಳು ಅಜ್ಜಿ. "ಬೇಲಿ ಹೊರಗೇ ಜಾಗ ತೋರ್ಸಿದ. ಸಾಕು, ಸಭೆಗೆ ಜಾಗ ಇದ್ರೆ ಆಯ್ತಲ್ಲ."

ಅವಳು ನನ್ನ ಹೆಗಲು ಹಿಡಿದು ನಡೆದಳು.

"ಅವನ ಕಿವಿ ನೋಡಿದ್ಯನೇ ಮೈತ್ರಿ? ಥೇಟ್ ನಮ್ಮಪ್ಪಂದೇ," ಎಂದಳು. ಮೂಗೊರೆಸಿಕೊಂಡು, "ನಡಿ ನಡಿ. ಬೆಳಕಿರುವಾಗ್ಲೇ ಸೊರಬದಲ್ಲಿ ಬಾಡಿಗೆ ಮನೆ ನೋಡ್ಬೇಕು."