ಬೇರೆ ಬೇರೆ ಹುರಿಯಬೇಕು

ಕಾಂತಪ್ಪ ಎರಡನೆಯ ಚೀಲವನ್ನು ಎತ್ತಿ ಮೊದಲನೆಯದರೊಳಗೆ ಸುರುವಿದ. ಹಸಿ ಕಾಫಿಬೀಜ ಗರಗರ ಬಿದ್ದವು. ಅವನ ಅಣ್ಣ ಮುರುಗೆಪ್ಪನ ಹೆಣಕ್ಕೆ ವಿಭೂತಿ ಹಚ್ಚಿ ಒಳಗೋಣೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಬಂದವರಿಗೆ ಜಾಗ ಸಾಲದೆ ಮನೆಯ ಮುಂಭಾಗದ ಕಾಫಿ ಅಂಗಡಿಯನ್ನು ತೆರವು ಮಾಡಬೇಕಾಗಿತ್ತು.

“ಏನ್ ಮಾಡಿದ್ರಿ ಇದು?” ಸಾವಂತ್ರವ್ವ ಒಳಬಾಗಿಲ ಪರದೆ ಸರಿಸಿ ಕೇಳಿದಳು. ಗಂಡ ಸತ್ತ ಮೇಲೆ ಅವಳಾಡಿದ ಮೊದಲ ಮಾತು.

“ಅರ್ಧರ್ಧ ಇದ್ವು, ಕೂಡಿಸೀನಿ. ನಾಳೆ ವ್ಯಾಪಾರಿ ಬಂದು ಒಯ್ತಾನ.”

“ಒಂದು ಕೊಡಗಿಂದು, ಒಂದು ಮಂಗಳೂರಿಂದು.”

“ಎಲ್ಲಾ ಕಾಫೀನ ಅಲ್ಲೇನ್ರಿ ವೈನಿ? ಅಣ್ಣನ ನಾಲಿಗಿ ಅಣ್ಣನ ಜೋಡಿ ಹೋತು. ಇನ್ನ ಅಂಗಡಿ ಯಾರಿಗೆ? ಧಾರವಾಡಕ್ಕ ಬರ್ರಿ. ನಮ್ಮ ಮನ್ಯಾಗ ಒಂದು ಮೂಲಿ ಅದ.”



ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ಗಂಗೂಬಾಯಿ ಚಹಾ ತಂದಳು. ಹಳೆಯ ಗಿರಾಕಿ, ದೌಂಡಿನ ರೈಲ್ವೆ ಗುಮಾಸ್ತ ಮಧುಕರರಾಯರು ಬಟ್ಟಲು ಹಿಡಿದು ಹೆಣದ ಕಡೆ ನೋಡಿದರು.

“ಇವನ ಮುಂದ ಚಹಾ ಕುಡ್ಯಾಕ ನಾಚಿಕಿ ಆಗ್ತದರೀ. ಎದ್ದು ಬೈದಾನು. ಬಾಬಾಬುಡನಗಿರೀದು ನಾಲಿಗೀ ಮ್ಯಾಲ ದುಂಡಗ ಕೂಡತದ, ನೀಲಗಿರೀದು ಹುಳಿ ಕಚ್ಚತದ ಅಂತಿದ್ದ. ಆ ಮಾತು ಕೇಳಾಕನ ನಾ ರೈಲು ಹತ್ತತಿದ್ದೆ.”

ಸಾವಂತ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ಹತ್ತೊಂಬತ್ತು ನೂರಾ ಹದಿನೆಂಟರ ಮಹಾಜ್ವರದಲ್ಲಿ ಅವರಿದ್ದ ಭವಾನಿ ಪೇಟೆಯ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಮುರುಗೆಪ್ಪ ಬದುಕಿದ. ಅವನ ಮೂಗು ಸತ್ತಿತು. ಮೂಗಿಗೆ ಹುರಿದ ಬೀಜ ಹಿಡಿದರೂ ಒಂದೇ, ಸೀಮೆಎಣ್ಣೆ ಹಿಡಿದರೂ ಒಂದೇ. ಅಂಗಡಿಯ ಕದ ಮುಚ್ಚಿಕೊಂಡು ಅತ್ತ.

ಸಾವಂತ್ರವ್ವ ಅವನ ಕೈಯಿಂದ ಬಟ್ಟಲು ಕಸಿದು ಗುಟುಕರಿಸಿದಳು.

“ಮಳಿಗೆ ನೆಂದ ಗೋಣಿ ಹಂಗ ಅದ. ಹುಳೀನ ಇಲ್ಲ.”

“ಮಂಗಳೂರು,” ಅಂದ ಅವನು. ಇನ್ನೊಂದು ಬಟ್ಟಲು ಕೊಟ್ಟ.

“ಇದು ಹಗುರ. ಕಡೀಕ ಯಾಲಕ್ಕಿ ಸಿಪ್ಪಿ ಮುಟ್ಟಿದಂಗ.”

“ಕೊಡಗು. ಯಾರಿಗೂ ಹೇಳಬ್ಯಾಡ.”

“ನಾ ಕುಡೀತೀನಿ, ನೀವು ಹೇಳ್ರಿ,” ಎಂದು ನಕ್ಕಳು.

ಇಪ್ಪತ್ತು ವರ್ಷ ಹಾಗೇ ನಡೆಯಿತು. ಅವಳು ಪರದೆಯ ಹಿಂದೆ ಕುಡಿದು ಪಿಸುಗುಟ್ಟುವಳು, ಅವನು ಮುಂದೆ ಮಣೆಯ ಮೇಲೆ ಕೂತು ಗಿರಾಕಿಗೆ ಹೇಳುವನು. ಮಧ್ಯಾಹ್ನ ಒಂದೇ ಬಟ್ಟಲಲ್ಲಿ ಇಬ್ಬರೂ ಕುಡಿಯುವಾಗ, “ಇವತ್ತು ಹೆಂಗದ?” ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಸಾವಕಾಶ ಹೇಳುತ್ತಿದ್ದಳು. ಹೇಳುವುದು ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತಿತ್ತು.

*

ಗಂಡಸರು ಹೆಣ ಹೊತ್ತು ಹೋದ ಮೇಲೆ ಸಾವಂತ್ರವ್ವ ಮೊರ ತಂದು ಚೀಲದ ಮುಂದೆ ಕೂತಳು. ಮಂಗಳೂರಿನ ಬೀಜ ಕಡಲಗಾಳಿಗೆ ಉಬ್ಬಿ ಬೆಳ್ಳಗಾಗಿದ್ದವು. ಕೊಡಗಿನವು ಸಣ್ಣವು, ಹಸಿರು. ಆರಿಸತೊಡಗಿದಳು.

“ಹುಚ್ಚೇನ ನಿನಗ? ಇವತ್ತ?” ಗಂಗೂಬಾಯಿ ಬೈದಳು.

“ಕೂಡೇ ಹುರಿದ್ರ ಬಿಳೀದು ಹೊತ್ತತದ, ಹಸರು ಹಸೀನ ಉಳೀತದ. ಬ್ಯಾರೆ ಬ್ಯಾರೆ ಹುರೀಬೇಕು.”

“ಒಲಿ ಹಚ್ಚಬಾರದು.”

“ಅದು ಮನೀ ಒಲಿ. ಇದು ಅಂಗಡೀದು.”

ಗಂಗೂಬಾಯಿ ಎದುರಿಗೆ ಬಂದು ಕೂತಳು. ಆಮೇಲೆ ಮೊರವನ್ನು ತನ್ನತ್ತ ಎಳೆದುಕೊಂಡಳು.

ಮಣ್ಣು ಮಾಡಿ ಮರಳಿದವರಲ್ಲಿ ಮಧುಕರರಾಯರು ಕಾಫಿ ಹುರಿಯುವ ವಾಸನೆಗೆ ಓಣಿಯ ತಿರುವಿನಲ್ಲೇ ನಿಂತುಬಿಟ್ಟರು. ಕಾಂತಪ್ಪ ಅವರನ್ನು ದಾಟಿ ಓಡಿದ. ಅಂಗಡಿಯೊಳಗೆ ಹುರಿಯುವ ಡ್ರಮ್ಮನ್ನು ಗಂಗೂಬಾಯಿ ತಿರುಗಿಸುತ್ತಿದ್ದಳು. ಸಾವಂತ್ರವ್ವ ಬಿಸಿ ಬೀಜವೊಂದನ್ನು ಹಲ್ಲಿನಲ್ಲಿ ಕಡಿದಳು.

“ಯಾವುದ್ರಿ ಇದು?” ರಾಯರು ಹೊಸ್ತಿಲಾಚೆ ಬಂದು ನಿಂತು ಕೇಳಿದರು.

“ಕೊಡಗಿಂದು. ಇನ್ನೊಂದೀಟು ಹುರೀಬೇಕು.”

ಅವಳು ಗಂಡನ ಮಣೆಯ ಮೇಲೆ ಕೂತಿದ್ದಳು. ಪರದೆಯನ್ನು ಬದಿಗೆ ಕಟ್ಟಿದ್ದಳು. ಅದರ ಹಿಂದೆ ಯಾರೂ ಇರಲಿಲ್ಲ.