ಉಪ್ಪು ಕಾಣದ ಮಗು

ನೆವೆನಾಳ ಮಗಳಿಗೆ ಹುಟ್ಟಿದಾಗ ಉಪ್ಪು ಹಾಕಿರಲಿಲ್ಲ. ಕ್ಯುಸ್ತೆಂದಿಲ್ ಊರಿನ ಆ ಬೀದಿಯಲ್ಲಿ ಇದು ಹೆಸರಿಡದೆ ಬಿಟ್ಟದ್ದಕ್ಕಿಂತ ದೊಡ್ಡ ಸುದ್ದಿ. ಹಸುಗೂಸಿನ ಮೈಗೆ ಉಪ್ಪು ಸವರಿ ತೊಳೆದರೆ ಮುಂದೆ ಬೆವರು ನಾರುವುದಿಲ್ಲ, ಚರ್ಮ ಬೇಯುವುದಿಲ್ಲ ಎನ್ನುವುದು ಅಲ್ಲಿನ ಅಜ್ಜಿಯರ ಶಾಸ್ತ್ರ. ಬಸ್ಸಿನಲ್ಲಿ ಯಾರದಾದರೂ ಕಂಕುಳು ಗಬ್ಬೆಂದರೆ, "ಪಾಪ, ಉಪ್ಪು ಕಂಡಿಲ್ಲ ಮೈ" ಎಂದು ನೆವೆನಾಳ ಅತ್ತೆ ಸ್ತಮೇನಾ ಆ ಮನುಷ್ಯನಿಗೆ ಕೇಳಿಸುವಂತೆಯೇ ಮರುಗುತ್ತಿದ್ದಳು. ನೆವೆನಾ ಬೇಡವೆಂದರೆ ಬೇಡವೆಂದಿದ್ದಳು. ಅತ್ತೆ ವಾದಿಸಲಿಲ್ಲ, ಕಾದಳು.

ಕಾದದ್ದು ಫಲ ಕೊಟ್ಟಿತು. ಐದು ತಿಂಗಳ ಕಲಿನಾಳಿಗೆ ಹೊಟ್ಟೆ ಕೆಟ್ಟು ನೀರುನೀರಾಗಿ ಆಗತೊಡಗಿತು. ಒದ್ದೆ ಡೈಪರಿನೊಳಗೆ ಕುಂಡಿ ಬೆಂದು ಕೆಂಪಾಯಿತು. ತೊಡೆಸಂದಿಯಲ್ಲಿ ಚರ್ಮ ಸುಲಿದು ರಸ ಜಿನುಗಿತು.

"ನಾನೇನೂ ಹೇಳಲ್ಲಪ್ಪ," ಎಂದು ಶುರುಮಾಡಿದ ಸ್ತಮೇನಾ ಮಧ್ಯಾಹ್ನದವರೆಗೂ ಹೇಳಿದಳು.

ಮಕ್ಕಳ ಡಾಕ್ಟರು ವೆಲಿಚ್ಕೋವಾ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಮಾತಾಡಿದರು. "ಒದ್ದೆಯಾದ ತಕ್ಷಣ ಬದಲಾಯಿಸಿ. ಸಾದಾ ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಆಮೇಲೆ ಜಿಂಕ್ ಮುಲಾಮು, ದಪ್ಪಗೆ. ಘಮಘಮ ಅನ್ನೋದು ಯಾವುದೂ ಬೇಡ. ಜ್ವರ ಬಂದ್ರೆ, ಕೀವು ಕಂಡ್ರೆ, ಎರಡು ಮೂರು ದಿನದಲ್ಲಿ ಇಳೀದಿದ್ರೆ ಕರ್ಕೊಂಡು ಬನ್ನಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಉಪ್ಪಂತೂ ಬೇಡವೇ ಬೇಡ, ಅಜ್ಜಿ. ಸುಲಿದ ಚರ್ಮ ಅದನ್ನ ಒಳಗೆ ಎಳ್ಕೊಳ್ಳುತ್ತೆ. ಇಷ್ಟು ಚಿಕ್ಕ ಮೈ ತಡಕೊಳ್ಳಲ್ಲ, ಜೀವಕ್ಕೇ ಕುತ್ತು ಬರುತ್ತೆ."

ಸ್ತಮೇನಾ ಗೋಡೆಯ ಮೇಲಿನ ಕ್ಯಾಲೆಂಡರನ್ನು ಭಕ್ತಿಯಿಂದ ನೋಡುತ್ತಿದ್ದಳು.

ಮಗುವನ್ನು ಅತ್ತೆಯ ಬಳಿ ಬಿಟ್ಟು ನೆವೆನಾ ಔಷಧಿ ಅಂಗಡಿಗೆ ಹೋದಳು. ಬೇರೆ ಯಾರೂ ಇರಲಿಲ್ಲ. ಗಂಡ ಲಾರಿಯ ಜೊತೆ ಗಡಿಯಾಚೆ. ಅಂಗಡಿಯ ಸಾಲಿನಲ್ಲಿ ಹಿಂದಿನಿಂದ ಯಾರೋ ಭುಜ ತಟ್ಟಿದರು. ಪಕ್ಕದ ಮನೆಯ ಗೆರ್ಗಿನಾ.

"ಅಂತೂ ಒಪ್ಪಿದ್ಯಲ್ಲ ಮಗಳೇ! ನಿಂಗೂ ಬುದ್ಧಿ ಬಂತು."

"ಯಾವುದಕ್ಕೆ ಒಪ್ಪಿದೆ?"

"ಅಯ್ಯೋ, ಗೊತ್ತಿಲ್ಲದ ಹಾಗೆ ಆಡ್ತಾಳೆ ನೋಡು! ನಿಮ್ಮತ್ತೆ ಈಗಷ್ಟೇ ಬೇಲಿ ಮೇಲಿಂದ ಕಲ್ಲುಪ್ಪು ಇಸ್ಕೊಂಡ್ಳು. ಮಗೂಗೆ ಅಂದ್ಲು. ನೀರು ಕಾಯ್ತಾ ಇದೆ ಅಂದ್ಲು."

ಗೆರ್ಗಿನಾಳ ಮಾತು ಮುಗಿಯುವಷ್ಟರಲ್ಲಿ ನೆವೆನಾ ಬೀದಿಗೆ ಬಿದ್ದಿದ್ದಳು. ಅಂಗಳ ಅಂಗಳದಲ್ಲೂ ಚಳಿಗಾಲಕ್ಕೆ ಕೂಡಿಡಲು ದಪ್ಪಮೆಣಸಿನಕಾಯಿ ಸುಡುವ ಹೊಗೆ. ಕಣ್ಣಿಗೆ ಅದೂ ಅಡ್ಡ. ಯಾರೋ "ಏನಾಯ್ತೇ?" ಎಂದರು. ಅವಳು ನಿಲ್ಲದೆ ಓಡಿದಳು.

ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ಕಲಿನಾ ಕಿರುಚಿ ಅಳುತ್ತಿದ್ದಳು.

"ಅತ್ತೆ! ಬಾಗಿಲು ತೆಗೀರಿ!"

ಅಳು ನಿಂತಿತು. ಕಿರುಚಾಟವೇ ಎಷ್ಟೋ ವಾಸಿಯಿತ್ತು. ನೆವೆನಾ ಹಿತ್ತಿಲಿಗೆ ಓಡಿ, ಅಡುಗೆಮನೆಯ ಕಿಟಕಿಯನ್ನು ತಳ್ಳಿ, ಟೊಮೇಟೊ ಬುಟ್ಟಿಯನ್ನು ಒದ್ದುಕೊಂಡು ಒಳಗೆ ಬಿದ್ದಳು.

ಮೇಜಿನ ಮೇಲೆ ಬೋಗುಣಿ, ಅದರಲ್ಲಿ ಹಬೆಯಾಡುವ ನೀರು. ಪಕ್ಕದಲ್ಲಿ ಬಾಯಿ ತೆರೆದ ಉಪ್ಪಿನ ಚೀಲ. ಸ್ತಮೇನಾ ಕುರ್ಚಿಯಲ್ಲಿ ಕೂತು, ಬತ್ತಲೆ ಮಗುವನ್ನು ಟವಲಿನಲ್ಲಿ ಎದೆಗೆ ಅವಚಿಕೊಂಡಿದ್ದಳು. ಕಲಿನಾ ಅಜ್ಜಿಯ ಅಂಗಿಯ ಗುಂಡಿಯೊಂದನ್ನು ಚೀಪುತ್ತಿದ್ದಳು.

"ಹಾಕಿದ್ರಾ?"

"ಇಲ್ಲ."

"ಸತ್ಯ ಹೇಳಿ, ಹಾಕಿದ್ರಾ?"

"ಇಲ್ಲ ಅಂದ್ನಲ್ಲ! ಕೂಗಬೇಡ, ಹೆದರುತ್ತೆ."

ನೆವೆನಾ ಮಗುವನ್ನು ಕಿತ್ತುಕೊಂಡಳು. ನಂಬುವುದು ಹೇಗೆ? ಬಗ್ಗಿ ಮಗುವಿನ ಹೊಟ್ಟೆಯನ್ನು ನೆಕ್ಕಿದಳು. ಉಪ್ಪು. ಬೆನ್ನು ನೆಕ್ಕಿದಳು. ಉಪ್ಪು!

"ಕಮಂಗಿ, ಮೊದಲು ನಿನ್ನ ತುಟಿ ಒರೆಸ್ಕೋ," ಎಂದಳು ಸ್ತಮೇನಾ. "ಮುಖದಲ್ಲಿ ಬೆವರು ಹೊಳೆಯಾಗಿ ಹರೀತಾ ಇದೆ."

ನೆವೆನಾ ಬಾಯಿ ಮುಕ್ಕಳಿಸಿ, ಮುಖ ತೊಳೆದು, ಮಗುವಿನ ತೊಡೆಗೆ ನಾಲಿಗೆ ತಾಗಿಸಿದಳು. ಹುಳಿಹಾಲಿನ ರುಚಿ, ಅಷ್ಟೆ. ಇನ್ನೊಂದು ತೊಡೆಯನ್ನೂ ನೋಡಿದಳು. ಕಲಿನಾ ಕಚಗುಳಿಯಾಗಿ ನಕ್ಕಳು.

"ಯಾಕೆ ಹಾಕ್ಲಿಲ್ಲ?"

"ಉಪ್ಪು ಕದಡಿ, ನೀರು ಎಷ್ಟು ಬಿಸಿ ಇದೆ ಅಂತ ಕೈ ಅದ್ದಿ ನೋಡ್ದೆ." ಸ್ತಮೇನಾ ಅಂಗೈ ತಿರುಗಿಸಿ ತೋರಿಸಿದಳು. ವಾರವಿಡೀ ಸುಟ್ಟ ಮೆಣಸಿನಕಾಯಿ ಸುಲಿದು ಬೆರಳ ತುದಿಗಳೆಲ್ಲ ಬಿರಿದಿದ್ದವು. "ಪ್ರಾಣ ಹೋದ ಹಾಗಾಯ್ತು ಕಣೆ. ಎತ್ತಿನ ಚರ್ಮ ನಂದು. ಇವಳದ್ದು ನೋಡ್ದೆ... ಚಿಲಕ ತೆಗೆಯೋಕೆ ಮುಖ ಬರ್ಲಿಲ್ಲ."

ನೆವೆನಾ ಬೋಗುಣಿಯ ನೀರನ್ನು ಕಿಟಕಿಯಿಂದಾಚೆ ಚೆಲ್ಲಿ, ಬೋಗುಣಿಯನ್ನು ಮೂರು ಸಲ ತೊಳೆದಳು. ಅತ್ತೆ ಕೆಟಲಿನಿಂದ ಸಾದಾ ನೀರು ಸುರಿದಳು, ಸೊಸೆ ಮೊಣಕೈಯಲ್ಲಿ ಬಿಸಿ ನೋಡಿದಳು. ತೊಳೆದು, ಮೆತ್ತಗೆ ಒತ್ತಿ ಒರೆಸಿ, ಹಾಸಿದ ಬಟ್ಟೆಯ ಮೇಲೆ ಬೋರಲು ಮಲಗಿಸಿ ಗಾಳಿಗೆ ಬಿಟ್ಟರು. ಕೆಂಪು ಹಾಗೇ ಇತ್ತು, ಆದರೆ ಮಗು ಅಳಲಿಲ್ಲ.

"ಮುಲಾಮು ಕೊಡು," ಎಂದಳು ಸ್ತಮೇನಾ.

ನೆವೆನಾ ಜೇಬು ತಡಕಿದಳು. ಮುಲಾಮು ಇನ್ನೂ ಅಂಗಡಿಯಲ್ಲೇ ಇತ್ತು.

ಯಾರಾದರೊಬ್ಬರು ಹೋಗಬೇಕು, ಯಾರಾದರೊಬ್ಬರು ಮಗುವಿನ ಜೊತೆ ಇರಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆವೆನಾ ಮಗುವಿನ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟರಲ್ಲೇ ಸ್ತಮೇನಾಳಿಗೆ ಅರ್ಥವಾಗಿತ್ತು. ಅವಳು ಚಪ್ಪಲಿ ಹುಡುಕತೊಡಗಿದಳು.

"ನಾನೇ ಹೋಗ್ತೀನಿ. ನಿಂಗೆ ಇವತ್ತು ಧೈರ್ಯ ಬರಲ್ಲ."

"ನಾಳೆ ಬರಬಹುದು ಅತ್ತೆ."

"ನೋಡೋಣ." ಹೊಸ್ತಿಲಲ್ಲಿ ನಿಂತು ತಲೆವಸ್ತ್ರ ಬಿಗಿದಳು. "ಗೆರ್ಗಿನಾ ಅಲ್ಲೇ ಇರ್ತಾಳೆ, ಕಣ್ಣಿಗೆ ಎಣ್ಣೆ ಬಿಟ್ಕೊಂಡು. ಉಪ್ಪು ಏನಾಯ್ತು ಅಂದ್ರೆ?"

"ಹಾಕ್ಲಿಲ್ಲ ಅನ್ನಿ."

"ಅಷ್ಟು ದೊಡ್ಡ ಮಾತು ಅಂಗಡೀಲಿ ನಿಂತು ಹೇಳೋಕಾಗುತ್ತೇನೇ?" ಎಂದಳು ಸ್ತಮೇನಾ. "ಎಲೆಕೋಸಿನ ಉಪ್ಪಿನಕಾಯಿಗೆ ಹಾಕ್ದೆ ಅಂತೀನಿ."